ಠಾಣೆಯ ಮೆಟ್ಟಿಲಲ್ಲೇ ಉಳಿದ ಮಾತು



ಮೊಮ್ಮಗಳ ಬೆನ್ನುಹತ್ತಿ ಕಾಡುತ್ತಿರುವವನೊಬ್ಬ ಅವಳನ್ನು ಕೊಲ್ಲುವುದಾಗಿ ಹೆದರಿಸಿದ್ದಾನೆಂದು ಅಜ್ಜಿಯೊಬ್ಬಳು ಪೊಲೀಸ್ ಠಾಣೆಗೆ ಬಂದು ಹೇಳಿದರೆ, ಆ ಮಾತನ್ನು ಏನೆಂದು ಪರಿಗಣಿಸಬೇಕು? ಅಪರಾಧದ ಮಾಹಿತಿಯೆಂದೇ? ಮುದಿಜೀವದ ಕಳವಳವೆಂದೇ? 2024ರಲ್ಲಿ ಹುಬ್ಬಳ್ಳಿಯ ಒಂದು ಬಡ ಕುಟುಂಬ ಈ ಪ್ರಶ್ನೆಯನ್ನು ನಮ್ಮೆಲ್ಲರ ಮುಂದಿಟ್ಟಿತು.

ಆ ವರ್ಷದ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಇರಿತಕ್ಕೆ ಬಲಿಯಾದಳು. ತಿಂಗಳು ತುಂಬುವ ಮೊದಲೇ, ಮೇ 15ರ ಮುಂಜಾನೆ, ಅದೇ ನಗರದ ವೀರಾಪುರ ಓಣಿಯಲ್ಲಿ ಇಪ್ಪತ್ತು ವರ್ಷದ ಯುವತಿಯನ್ನು ಅವಳ ಮನೆಯಲ್ಲಿಯೇ ಕೊಲ್ಲಲಾಯಿತು. ಆ ವಿದ್ಯಾರ್ಥಿನಿಗಾದ ಗತಿಯೇ ಇವಳಿಗೂ ಆಗುವುದೆಂದು ಆರೋಪಿಯು ಮೊದಲೇ ಬೆದರಿಸಿದ್ದನೆಂದೂ, ಅದನ್ನು ಬೆಂಡಿಗೇರಿ ಠಾಣೆಗೆ ತಿಳಿಸಿದಾಗ ಮೂಢನಂಬಿಕೆಯೆಂದು ತಳ್ಳಿಹಾಕಲಾಯಿತೆಂದೂ ಮನೆಯವರು ಆರೋಪಿಸಿದರು. ಠಾಣೆಯ ಇನ್‌ಸ್ಪೆಕ್ಟರ್, ಮಹಿಳಾ ಮುಖ್ಯಪೇದೆ, ಬಳಿಕ ಉಪ ಪೊಲೀಸ್ ಆಯುಕ್ತರೊಬ್ಬರು ಅಮಾನತುಗೊಂಡರು. ತನಿಖೆ ಸಿಐಡಿಯ ಪಾಲಾಯಿತು.

ಅಮಾನತು ಸಾವಿನ ನಂತರದ ಕ್ರಮ. ಆ ಕುಟುಂಬದ ಅಳಲು ಸಾವಿನ ಮುಂಚಿನ ದಿನಗಳದ್ದು. ಆಗ ಆ ಮಾತು ಕಾಗದದ ಮೇಲೆ ಏಕೆ ಇಳಿಯಲಿಲ್ಲ ಎಂಬುದೇ ಅವರ ಪ್ರಶ್ನೆ. ಅಧಿಕಾರಿಗಳ ಅಮಾನತು ಇದಕ್ಕೆ ಉತ್ತರವಲ್ಲ.

ಕಾನೂನು ಇಲ್ಲವೆಂದೇನೂ ಅಲ್ಲ. ಹೆಣ್ಣೊಬ್ಬಳು ಒಲ್ಲೆನೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲೆತ್ನಿಸುವುದು, ಅಂತರ್ಜಾಲದಲ್ಲಿ ಅವಳ ಮೇಲೆ ಕಣ್ಣಿಡುವುದು 2013ರಿಂದ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೆಯ ಕಲಮು. ಮೊದಲ ಬಾರಿಗೆ ಮೂರು ವರ್ಷದವರೆಗೆ, ಮತ್ತೆ ಎಸಗಿದರೆ ಐದು ವರ್ಷದವರೆಗೆ ಸೆರೆವಾಸ. ಆದರೆ ಮೊದಲನೆಯದು ಜಾಮೀನಿಗೆ ಅರ್ಹವಾದ ಅಪರಾಧ. ಬಂಧಿತನಾದವನು ಬಹುಬೇಗ ಅದೇ ಬೀದಿಗೆ ಮರಳಬಲ್ಲನು.

ಇದಕ್ಕಿಂತ ಸೂಕ್ಷ್ಮವಾದ ಲೋಪವೊಂದಿದೆ. ಸ್ತ್ರೀಯರ ಮೇಲಿನ ಕೆಲವು ಅಪರಾಧಗಳ ದೂರನ್ನು ದಾಖಲಿಸದ ಅಧಿಕಾರಿಗೆ ಸಂಹಿತೆಯ 199ನೆಯ ಕಲಮು ಶಿಕ್ಷೆ ವಿಧಿಸುತ್ತದೆ. ಅಲ್ಲಿ ಹೆಸರಿಸಿದ ಕಲಮುಗಳಲ್ಲಿ 77 ಉಂಟು, 79 ಉಂಟು. ನಡುವಿನ 78 ಮಾತ್ರ ಇಲ್ಲ. ಹಿಂದಿನ ದಂಡ ಸಂಹಿತೆಯಲ್ಲಿಯೂ ಹಿಂಬಾಲಿಕೆ ಆ ಪಟ್ಟಿಯ ಹೊರಗೇ ಇತ್ತು. ಅಶ್ಲೀಲ ಮಾತಿನ ದೂರನ್ನು ಬರೆದುಕೊಳ್ಳದಿದ್ದರೆ ಅಧಿಕಾರಿ ಈ ಕಲಮಿನಡಿ ತಪ್ಪಿತಸ್ಥ. ದಿನವೂ ಬೆನ್ನುಹತ್ತುವವನ ಕುರಿತ ದೂರನ್ನು ಬರೆದುಕೊಳ್ಳದಿದ್ದರೆ ಅಲ್ಲ. ಶಾಸನವೇ ಹಿಂಬಾಲಿಕೆಯನ್ನು ಹಗುರವಾಗಿ ಕಂಡರೆ ಠಾಣೆ ಅದನ್ನು ಹೇಗೆ ಗುರುತರವೆಂದು ಭಾವಿಸೀತು?

ಹಗುರವಾಗಿ ಕಂಡುದರ ಫಲವನ್ನು ದೇಶ ಬಹಳ ಹಿಂದೆಯೇ ಕಂಡಿದೆ. ದೆಹಲಿಯ ಕಾನೂನು ವಿದ್ಯಾರ್ಥಿನಿ ಪ್ರಿಯದರ್ಶಿನಿ ಮಟ್ಟೂ ದೂರಿನ ಮೇಲೆ ದೂರು ಕೊಟ್ಟಿದ್ದಳು. ಬೆನ್ನುಹತ್ತಿದವನು ಇನ್ನು ಕಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದನು. 1996ರ ಜನವರಿ 23ರಂದು ಅವಳ ಕೊಲೆಯಾಯಿತು. ಕೆಳಗಿನ ನ್ಯಾಯಾಲಯದಲ್ಲಿ ಬಿಡುಗಡೆಯಾದ ಅವನನ್ನು ಉಚ್ಚ ನ್ಯಾಯಾಲಯ ಅಪರಾಧಿಯೆಂದು ಸಾರಿದ್ದು 2006ರಲ್ಲಿ. ಮುಚ್ಚಳಿಕೆ ಬರೆಸಿಕೊಂಡು, ಬುದ್ಧಿಹೇಳಿ ಕಳುಹಿಸುವ ಪದ್ಧತಿಯ ಮಿತಿಗೆ ಬೇರೆ ಸಾಕ್ಷ್ಯ ಬೇಕೆ?

ಹುಬ್ಬಳ್ಳಿ ನಮಗೆ ದೂರವೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಕಂಪ್ಲಿಯಿಂದ, ಸಂಡೂರಿನಿಂದ ಎಷ್ಟೋ ಹೆಣ್ಣುಮಕ್ಕಳು ಓದಿಗೆ, ದುಡಿಮೆಗೆ ಹೊಸಪೇಟೆಯ ಬಸ್ಸು ಹಿಡಿಯುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಮೈದಳೆದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಊರಿನಲ್ಲಿ ಆರಂಭವಾದ ಕಾಟ ಹೊಸಪೇಟೆಯ ಬಸ್ ನಿಲ್ದಾಣದವರೆಗೆ ಬಂದರೆ ದೂರು ಯಾವ ಠಾಣೆಗೆ? ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ಮಾಹಿತಿಯನ್ನು ದಾಖಲಿಸಬೇಕೆನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಓದಿಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸಂತ್ರಸ್ತೆಯೇ ದೂರು ಕೊಟ್ಟರೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಬಳಿಕ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು.

ಇಂಗ್ಲೆಂಡಿನಲ್ಲಿ 2020ರ ಜನವರಿಯಿಂದ ಪೊಲೀಸರೇ ನ್ಯಾಯಾಲಯಕ್ಕೆ ಹೋಗಿ, ಬೆನ್ನುಹತ್ತಿದವನು ಅವಳ ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ ಪಡೆಯಬಹುದು. ಅದನ್ನು ಮೀರುವುದೇ ಅಪರಾಧ. ಅಲ್ಲಿ ರಕ್ಷಣೆ ಕೇಳುವ ಭಾರ ಹೆದರಿದ ಹುಡುಗಿಯೊಬ್ಬಳ ಮೇಲೆಯೇ ಬೀಳುವುದಿಲ್ಲ. ನಮ್ಮ ಶಾಸಕರೂ ಇದನ್ನು ಪರಿಶೀಲಿಸಲಿ. 199ನೆಯ ಕಲಮಿಗೆ 78ನ್ನು ಸೇರಿಸುವುದಂತೂ ಒಂದೇ ಅಂಕೆಯ ಕೆಲಸ.

ಆದರೆ ಓದುಗರೇ, ಟೀಕೆಯ ಬೆರಳು ನಮ್ಮತ್ತಲೂ ತಿರುಗಬೇಕು. ಮಗಳು ಅಂಜುತ್ತ ಬಂದು ಹೇಳಿದಾಗ ನಾವು ಮೊದಲು ಕೇಳುವುದೇನು? ನೀನೇಕೆ ಆ ದಾರಿಯಲ್ಲಿ ಹೋದೆ, ಫೋನು ಏಕೆ ಹಿಡಿದೆ ಎಂದಲ್ಲವೇ? ಮರ್ಯಾದೆಗೆ ಅಂಜಿ ಕಾಲೇಜು ಬಿಡಿಸುತ್ತೇವೆ, ಅವಸರದಲ್ಲಿ ಮದುವೆ ಮಾಡುತ್ತೇವೆ. ಅವಳ ಮಾತನ್ನು ಮೊದಲು ತಳ್ಳಿಹಾಕುವವರು ನಾವೇ; ಠಾಣೆ ಎರಡನೆಯದು. ಅದರ ಬದಲು ಅವಳನ್ನು ನಂಬೋಣ. ಬಂದ ಸಂದೇಶಗಳನ್ನು ಅಳಿಸದೆ ಇಡೋಣ, ದಿನಾಂಕ ಬರೆದಿಡೋಣ, ಅವಳೊಡನೆ ಠಾಣೆಗೆ ನಡೆಯೋಣ, ದೂರಿನ ಪ್ರತಿ ಪಡೆಯದೆ ಹಿಂದಿರುಗದಿರೋಣ. ತುರ್ತಿಗೆ 112 ಇದೆ.

ಹುಬ್ಬಳ್ಳಿಯ ಆ ಅಜ್ಜಿಯ ಮಾತು ಮೊಮ್ಮಗಳನ್ನು ಉಳಿಸಲಿಲ್ಲ. ನಾಳೆ ನಮ್ಮ ಊರಿನ ಠಾಣೆಗೆ ಇನ್ನೊಬ್ಬ ಅಜ್ಜಿ ಹೋದರೆ, ಅವಳ ಮಾತು ಮೆಟ್ಟಿಲಲ್ಲೇ ಉಳಿಯದಂತೆ ಪಕ್ಕದಲ್ಲಿ ನಿಲ್ಲಲು ನಮ್ಮಲ್ಲಿ ಒಬ್ಬರಾದರೂ ಇರಲಿ.