ಖಾಲಿ ಪೀಠದ ಮರುದಿನ: ಕಲ್ಯಾಣದ ನಾಟಕಗಳನ್ನು ಸೊಲ್ಲಾಪುರದಿಂದ ಓದುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಅದ ಅಂದುಕೊಂಡೀನಿ. ನಡುವೆ ನೆಟ್‌ವರ್ಕ್ ಹೋದರೆ ಚಾಟ್‌ನಲ್ಲಿ ತಿಳಿಸಿ.

ಅಧಿಕಾರದ ಜಾಗ ಖಾಲಿಯಾದಾಗ ಏನಾಗ್ತದೆ ಅನ್ನೋದು ನನ್ನ ಪ್ರಶ್ನೆ. ಇದಕ್ಕೆ ಕನ್ನಡ ಸಾಹಿತ್ಯದಲ್ಲಿ ನಾವು ಮತ್ತೆ ಮತ್ತೆ ಹೋಗುವ ಜಾಗ ಒಂದೇ: ಹನ್ನೆರಡನೆಯ ಶತಮಾನದ ಕಲ್ಯಾಣ. ಗಿರೀಶ ಕಾರ್ನಾಡರ ‘ತಲೆದಂಡ’, ಪಿ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಮೂರೂ ಅಲ್ಲಿಗೇ ಹೋಗಿವೆ. ಇವುಗಳ ಬಗ್ಗೆ ಬಂದ ವಿಮರ್ಶೆಯನ್ನು ಓದುವಾಗ ಒಂದು ಸಂಗತಿ ಎದ್ದು ಕಾಣ್ತದೆ. ಬಿಜ್ಜಳ ಯಾಕೆ ಬಿದ್ದ, ಬಸವಣ್ಣ ಸೋತನೋ ಗೆದ್ದನೋ ಅನ್ನುವುದರ ಮೇಲೆ ನಮ್ಮ ಗಮನವೆಲ್ಲ ನಿಂತಿದೆ. ಬಿದ್ದ ಮರುದಿನ ಬೊಕ್ಕಸದ ಬೀಗದ ಕೈ ಯಾರ ಹತ್ತಿರ ಇತ್ತು, ಕೆರೆಯ ತೂಬು ಯಾರು ಎತ್ತಿದರು ಅನ್ನುವುದನ್ನು ನಾವು ಅಷ್ಟಾಗಿ ಕೇಳಿಲ್ಲ. ಸೊಲ್ಲಾಪುರದಲ್ಲಿ ಕೂತು ಓದುವವಳಿಗೆ ಇದು ತಟ್ಟನೆ ಹೊಳೀತದೆ. ಯಾಕಂದರೆ ನಮ್ಮ ಊರಿನ ಹೆಸರಿನ ಜೊತೆ ಅಂಟಿಕೊಂಡಿರುವ ಶರಣ ಕೆರೆ ಕಟ್ಟಿದವನು.

ಮೊದಲು ಸ್ವಲ್ಪ ಇತಿಹಾಸ. ಬಿಜ್ಜಳ ಕಲ್ಯಾಣಕ್ಕೆ ಹೊರಗಿನಿಂದ ದಂಡೆತ್ತಿ ಬಂದವನಲ್ಲ. ಚಾಲುಕ್ಯರ ಮಹಾಮಂಡಳೇಶ್ವರ, ಅವನ ಮನೆತನದ ನೆಲೆ ಮಂಗಳವೇಡೆ, ಈಗ ನಮ್ಮ ಸೊಲ್ಲಾಪುರ ಜಿಲ್ಲೆಯದೇ ತಾಲೂಕು. ಮೂರನೆಯ ತೈಲಪ ಕಾಕತೀಯರ ಕೈಯಲ್ಲಿ ಸೋತು ಸೆರೆಯಾಗಿ ಬಿಡುಗಡೆಯಾದ ಮೇಲೆ ಸಿಂಹಾಸನದ ಮೇಲೆ ಅರಸ ಇದ್ದ, ಆದರೆ ಅರಸನ ಮಾತು ನಡೀತಿರಲಿಲ್ಲ. 1162ರ ಹೊತ್ತಿಗೆ ಬಿಜ್ಜಳ ಸಾರ್ವಭೌಮನ ಬಿರುದುಗಳನ್ನು ಹಾಕಿಕೊಂಡ. ಅಂದರೆ ಪೀಠ ಖಾಲಿಯಾದ ಮೇಲೆ ಅವನು ಬಂದು ಕೂತದ್ದಲ್ಲ, ಖಾಲಿಯಾಗುವ ಮೊದಲೇ ಅರ್ಧ ಕೂತಿದ್ದ. 1167ರಲ್ಲಿ ಮಗ ಸೋವಿದೇವನಿಗೆ ಪಟ್ಟ ಬಿಟ್ಟುಕೊಟ್ಟ. ಆಮೇಲೆ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಹೀಗೆ ಮಕ್ಕಳು ಒಬ್ಬರ ನಂತರ ಒಬ್ಬರು ಬಂದರು. ಇಪ್ಪತ್ತು ವರ್ಷ ಕೂಡ ನಿಲ್ಲಲಿಲ್ಲ. ನಾಲ್ಕನೆಯ ಸೋಮೇಶ್ವರ ಚಾಲುಕ್ಯರ ಪಟ್ಟವನ್ನು ಮರಳಿ ಹಿಡಿದ, ಅದೂ ಉಳಿಯಲಿಲ್ಲ. ಕೊನೆಗೆ ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ಆ ನೆಲವನ್ನು ಹಂಚಿಕೊಂಡರು. ಅವರೂ ಚಾಲುಕ್ಯರ ಮಾಂಡಲಿಕರೇ, ಇವರೂ ಚಾಲುಕ್ಯರ ಮಾಂಡಲಿಕರೇ. ನಡುವೆ ಖಾಲಿಯಾದದ್ದನ್ನು ತುಂಬಿದವರು ಅಂಚಿನಲ್ಲಿ ಮೊದಲೇ ದಂಡು, ಕಂದಾಯ, ಕೋಟೆ ಇಟ್ಟುಕೊಂಡಿದ್ದವರು.

ಈ ಅರ್ಥದಲ್ಲಿ ‘ತಲೆದಂಡ’ದ ಆರಂಭ ನನಗೆ ಬಹಳ ಮೆಚ್ಚುಗೆ. ಕಾರ್ನಾಡರು 1990ರ ಈ ನಾಟಕವನ್ನು ಸಿಂಹಾಸನದಿಂದ ಶುರು ಮಾಡುವುದಿಲ್ಲ, ಬೊಕ್ಕಸದಿಂದ ಶುರು ಮಾಡ್ತಾರೆ. ಬಸವಣ್ಣ ಊರಲ್ಲಿಲ್ಲದ ಹೊತ್ತು ನೋಡಿ ಸೋವಿದೇವ ಲೆಕ್ಕ ತಪಾಸಣೆ ಅಂತ ಭಂಡಾರಕ್ಕೆ ನುಗ್ತಾನೆ; ಜಗದೇವ ಜನ ಕಟ್ಟಿಕೊಂಡು ಭಂಡಾರವನ್ನು ಸುತ್ತುವರೀತಾನೆ; ಅತ್ತ ಮನೆಯಲ್ಲಿ ಅವನ ತಂದೆ ಸಾಯ್ತಾ ಇದ್ದಾನೆ. ಅರಸನ ಮಗ ಒಂದು ಕಡೆ, ಅರಸನ ಭಂಡಾರಿಯ ಹಿಂಬಾಲಕ ಇನ್ನೊಂದು ಕಡೆ, ಇಬ್ಬರೂ ಒಂದೇ ಬೀಗಕ್ಕೆ ಕೈ ಹಾಕಿದವರು. ಬಿಜ್ಜಳ ಇನ್ನೂ ಗಟ್ಟಿಯಾಗಿ ಅರಸನಾಗಿರುವಾಗಲೇ ಜಗಳ ಮುಗಿಯುವ ಹಂತಕ್ಕೆ ಬಂದದ್ದನ್ನು ಆ ಒಂದು ದೃಶ್ಯ ಹೇಳಿಬಿಡ್ತದೆ.

ಆದರೆ ನಾಟಕದ ಕೊನೆಯ ಭಾಗಕ್ಕೆ ಬಂದಾಗ ಈ ಎಚ್ಚರ ತಪ್ತದೆ ಅನ್ನುವುದು ನನ್ನ ಆಕ್ಷೇಪ. ಹರಳಯ್ಯ, ಮಧುವರಸರ ಮಕ್ಕಳ ಮದುವೆ, ಅದರ ಬೆಲೆ, ಬಸವಣ್ಣ ಕೂಡಲಸಂಗಮಕ್ಕೆ ಹೊರಡುವುದು, ಸೋವಿದೇವ ತಂದೆಯನ್ನೇ ಸೆರೆಯಲ್ಲಿಡುವುದು, ಜಗದೇವ ಬಿಜ್ಜಳನನ್ನು ಕೊಲ್ಲುವುದು, ಇವೆಲ್ಲ ಬಿಗಿಯಾಗಿಯೇ ಬರ್ತಾವೆ. ಅಷ್ಟು ಹೊತ್ತಿಗೆ ಅಧಿಕಾರ ಅನ್ನುವುದು ಪಟ್ಟಾಭಿಷೇಕ, ಆಜ್ಞೆ, ಪುರೋಹಿತರ ಸಲಹೆ ಇಷ್ಟಕ್ಕೇ ಇಳಿದುಬಿಟ್ಟಿರ್ತದೆ. ಮೊದಲ ದೃಶ್ಯದ ಬೊಕ್ಕಸ ಎಲ್ಲಿ ಹೋಯ್ತು? ಶರಣರ ಕಾಯಕ, ದಾಸೋಹದ ಜಾಲಕ್ಕೆ ಏನಾಯ್ತು? ಅದೊಂದು ದೊಡ್ಡ ವ್ಯವಸ್ಥೆ ಆಗಿತ್ತಲ್ಲ. ಶರಣರ ಕೈಯಲ್ಲಿ ಅನ್ನ ಇತ್ತು, ದುಡಿಮೆ ಇತ್ತು, ಮಾತು ಇತ್ತು. ದಂಡು ಮಾತ್ರ ಇರಲಿಲ್ಲ. ಖಾಲಿಯಾದ ಪೀಠಕ್ಕೆ ಅವರು ಸ್ಪರ್ಧೆಗೆ ಇಳಿಯಲೇ ಇಲ್ಲ ಅನ್ನುವುದೇ ಈ ಕತೆಯ ದುರಂತದ ತಿರುಳು ಅಂತ ನನಗೆ ಅನಿಸ್ತದೆ. ಕಾರ್ನಾಡರು ಅದನ್ನು ಜಗದೇವ ಎಂಬ ಒಬ್ಬ ತರುಣನ ಆವೇಶಕ್ಕೆ ಕಟ್ಟಿಹಾಕಿದ್ದಾರೆ.

ಲಂಕೇಶರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ‘ಸಂಕ್ರಾಂತಿ’ಯಲ್ಲಿ ರುದ್ರ, ಉಷಾ, ಉಜ್ಜ ಇವರು ನಮ್ಮ ಕಣ್ಣ ಮುಂದೆ ನಿಲ್ತಾರೆ. ಅರಮನೆಯಲ್ಲಿ ಅರಸ ಇದ್ದರೂ ಹೋದರೂ ಕೇರಿಯ ಮೇಲೆ ಬೀಳುವ ಏಟು ಯಾರದು ಅನ್ನುವ ಕೇಡಿನ ಪ್ರಶ್ನೆಯನ್ನು ಆ ನಾಟಕ ಕೇಳ್ತದೆ. ನನಗೆ ಇಷ್ಟ ಆಗುವುದು ಅದರ ಒರಟುತನ. ಹೆಚ್ಚು ಹೇಳುವುದಿಲ್ಲ, ಇದರ ಮೇಲೆ ಈಗಾಗಲೇ ಒಳ್ಳೆಯ ಬರಹಗಳಿವೆ.

ಈಗ ಶೂನ್ಯಕ್ಕೆ ಬರ್ತೀನಿ. ನಾಟಕಕಾರರು ಬಿಟ್ಟ ಮರುದಿನವನ್ನು ಹಿಡಿದುಕೊಂಡದ್ದು ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’. ಅಲ್ಲೂ ಒಂದು ಖಾಲಿ ಪೀಠ ಅದ. ಬಸವಣ್ಣ ಶೂನ್ಯಸಿಂಹಾಸನ ಸಿದ್ಧ ಮಾಡಿಸಿ ಅಲ್ಲಮಪ್ರಭುವಿಗಾಗಿ ಕಾಯ್ತಾನೆ. ಪ್ರಭು ಬಂದು ಅದನ್ನೇರಿದ ಕೂಡಲೇ ಏನಾಗ್ತದೆ? ಕಾದು ಕೂತಿದ್ದ ಜಂಗಮರಲ್ಲಿ ಸಿಟ್ಟು. ತಮ್ಮನ್ನು ಬಿಟ್ಟು ಇವನೊಬ್ಬನಿಗೇ ಎಲ್ಲ ಸೇವೆ ಯಾಕೆ ಅನ್ನುವ ಜಗಳ. ಪೀಠದ ಹೆಸರು ಶೂನ್ಯ, ಅದಕ್ಕೂ ಪೈಪೋಟಿ! ಸಂಪಾದನಾಕಾರರು ಇದನ್ನು ಮುಚ್ಚಿಡಲಿಲ್ಲ ಅನ್ನುವುದು ದೊಡ್ಡ ಮಾತು. ಫ್ರೆಂಚ್ ಚಿಂತಕ ಕ್ಲಾಡ್ ಲೆಫೋರ್ ಪ್ರಜಾಪ್ರಭುತ್ವದಲ್ಲಿ ಅಧಿಕಾರದ ಸ್ಥಾನ ಖಾಲಿಯಾಗಿಯೇ ಇರಬೇಕು, ಯಾರೂ ಅದನ್ನು ಸ್ವಂತದ್ದು ಮಾಡಿಕೊಳ್ಳಬಾರದು ಎಂಬ ಅರ್ಥದಲ್ಲಿ ಬರೆದಿದ್ದಾನೆ. ನಮ್ಮ ಸೆಮಿನಾರುಗಳಲ್ಲಿ ಇಂಥ ಹೆಸರು ತಂದಾಗ ಕನ್ನಡ ಪಠ್ಯ ಅದರ ಉದಾಹರಣೆಯಾಗಿ ಸಣ್ಣದಾಗಿಬಿಡುವ ಅಪಾಯ ಅದ. ಇಲ್ಲಿ ಹಾಗಾಗುವುದಿಲ್ಲ. ಖಾಲಿ ಇಟ್ಟ ಸ್ಥಾನವನ್ನು ದಿನವೂ ಕಾಯುವವರು ಯಾರು ಅನ್ನುವುದು ಶೂನ್ಯಸಂಪಾದನೆಯ ಪ್ರಶ್ನೆ. ಲೆಫೋರ್‌ನ ಮಾತಿಗೆ ಅದನ್ನು ಸೇರಿಸಿ ಓದಬೇಕು.

ಪರಂಪರೆಯ ಪ್ರಕಾರ ಅಲ್ಲಮನ ನಂತರ ಆ ಪೀಠಕ್ಕೆ ಬಂದವನು ಚೆನ್ನಬಸವಣ್ಣ, ಅವನ ನಂತರ ಸೊನ್ನಲಿಗೆಯ ಸಿದ್ಧರಾಮ. ಕಲ್ಯಾಣ ಚದುರಿಹೋದ ಮೇಲೆ ಪೀಠ ಒಬ್ಬ ಕೆರೆ ಕಟ್ಟಿಸುವವನ ಪಾಲಿಗೆ ಬಂತು ಅನ್ನುವ ಈ ಕಲ್ಪನೆ ನನ್ನನ್ನು ಹಿಡಿದಿಟ್ಟಿದೆ. ಅಲ್ಲಮ ಮೊದಲ ಸಲ ಸೊನ್ನಲಿಗೆಗೆ ಬಂದಾಗ ಕೆರೆ ತೋಡುತ್ತಿದ್ದವರ ಎದುರು ಸಿದ್ಧರಾಮನನ್ನು ಒಡ್ಡರಾಮ ಅಂತ ಕರೆದು ಅವರಿಂದ ಕಲ್ಲೇಟು ತಿಂದ ಪ್ರಸಂಗ ನಿಮಗೆಲ್ಲ ಗೊತ್ತು. ಇದನ್ನು ಸಾಮಾನ್ಯವಾಗಿ ಕರ್ಮಯೋಗಿಗೆ ಜ್ಞಾನಿ ಕಣ್ಣು ತೆರೆಸಿದ ಕತೆಯಾಗಿ ಓದ್ತೇವೆ. ನಾನು ಆ ಕಲ್ಲು ಎಸೆದವರ ಕಡೆಯಿಂದ ಓದಬೇಕು ಅಂತೀನಿ. ತಮ್ಮ ಕೆಲಸಕ್ಕೂ ತಮ್ಮ ಒಡೆಯನಿಗೂ ಒಟ್ಟಿಗೆ ಬಿದ್ದ ಬೈಗುಳ ಅದು ಅಂತ ಅವರಿಗೆ ಅನಿಸಿತು. ರಾಘವಾಂಕನಿಂದ ಹಿಡಿದು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ತನಕ ಸಿದ್ಧರಾಮನನ್ನು ಬರೆದವರು ಕೆರೆಯನ್ನು ಬಿಡಲಿಲ್ಲ. ಜಯದೇವಿತಾಯಿ ಅವನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳ ಛಂದಸ್ಸು ಅದು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಅಂತ ಅವರನ್ನು ಎಲ್ಲರೂ ನೆನೀತಾರೆ, ಆ ಪುರಾಣ ಓದಿದವರು ಕಡಿಮೆ.

ಇಷ್ಟು ಹೇಳಿದ ಮೇಲೆ ಸೊಲ್ಲಾಪುರದ ಎರಡು ಖಾಲಿ ಹೊತ್ತುಗಳನ್ನು ನೋಡಬೇಕು. ಕಲ್ಯಾಣದ ನಾಟಕಗಳಿಗೆ ಇವು ಒರೆಗಲ್ಲು.

ಒಂದು, 1930ರ ಮೇ. ಗಾಂಧೀಜಿಯ ಬಂಧನದ ಸುದ್ದಿ ಬಂದ ಮೇಲೆ ಗಿರಣಿ ಕಾರ್ಮಿಕರು ಬೀದಿಗಿಳಿದರು, ಗೋಲಿಬಾರ್ ಆಯ್ತು, ಮಂಗಳವಾರ ಪೇಟೆಯ ಪೊಲೀಸ್ ಚೌಕಿಗೆ, ಕೋರ್ಟಿಗೆ ಬೆಂಕಿ ಬಿತ್ತು. ಬ್ರಿಟಿಷ್ ಆಡಳಿತ ಊರೊಳಗಿಂದ ಹಿಂದೆ ಸರಿಯಿತು. ಮೇ 12ಕ್ಕೆ ಮಾರ್ಶಲ್ ಲಾ ಬರುವ ತನಕ ಮೂರು ನಾಲ್ಕು ದಿನ ಊರಿಗೆ ಸರ್ಕಾರವೇ ಇರಲಿಲ್ಲ. ಆ ದಿನಗಳಲ್ಲಿ ಕಾಂಗ್ರೆಸ್ ಸ್ವಯಂಸೇವಕರು ರಸ್ತೆ, ಸಂಚಾರ, ಶಾಂತಿ ನೋಡಿಕೊಂಡರು. ಅಂದರೆ ಅಲ್ಲಿಯೂ ಮೊದಲೇ ಕಟ್ಟಿಕೊಂಡಿದ್ದ ಒಂದು ಪಡೆ ಇತ್ತು. ಆದರೆ ಬಂದೂಕು ಮರಳಿ ಬಂದಾಗ ಆ ಪಡೆ ನಿಲ್ಲಲು ಸಾಧ್ಯ ಇರಲಿಲ್ಲ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಾಡದಲ್ಲಿ ಗಲ್ಲಿಗೇರಿಸಿದರು. ಸಿದ್ಧರಾಮನ ಸಂಕ್ರಾಂತಿ ಜಾತ್ರೆಯ ಹೊಸ್ತಿಲಿನಲ್ಲಿ. ನಾಲ್ಕು ಹೆಸರು ಒಟ್ಟಿಗೆ ಓದಿ ನೋಡಿ, ಊರಿನ ನಾಲ್ಕು ಕೇರಿಗಳು ಕಾಣ್ತಾವೆ. ಹರಳಯ್ಯ, ಮಧುವರಸರ ಶಿಕ್ಷೆಯನ್ನು ಪಾಠ ಮಾಡುವಾಗ ನಮ್ಮ ಕಡೆ ಈ ನಾಲ್ವರ ಹೆಸರು ಬಾಯಿಗೆ ಬರಬೇಕಿತ್ತು.

ಇನ್ನೊಂದು 1948. ಇದನ್ನು ಮಾತಾಡುವುದು ಕಷ್ಟ, ಆದರೂ ಬಿಡುವಂತಿಲ್ಲ. ಆ ವರ್ಷ ಅಕ್ಕಲಕೋಟೆ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಅರಸೊತ್ತಿಗೆ ಹೋಗಿ ಕಚೇರಿ ಬಂತು, ಅಷ್ಟೇ. ಆದರೆ ಗಡಿ ದಾಟಿದರೆ ಆಳಂದ, ಅದು ನಿಜಾಮನ ರಾಜ್ಯ. ಅಲ್ಲಿ ರಜಾಕಾರರ ಹಾವಳಿ, ಮೇ ತಿಂಗಳಲ್ಲಿ ಬೀದರ ಕಡೆಯ ಗೋರ್ಟಾದ ಹತ್ಯಾಕಾಂಡ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆಯ ಮುಖ್ಯ ಪಡೆ ಸೊಲ್ಲಾಪುರದ ದಿಕ್ಕಿನಿಂದಲೇ ಒಳಹೊಕ್ಕಿತು, ವಾರ ತುಂಬುವುದರೊಳಗೆ ನಿಜಾಮ ಶರಣಾದ. ಹಳೆಯ ಅಮಲು ಹೋಗಿ ಹೊಸ ಅಮಲು ಹಳ್ಳಿ ತಲುಪುವ ನಡುವಿನ ದಿನಗಳಲ್ಲಿ ಏಟು ತಿಂದವರು ಸಾಮಾನ್ಯ ಮುಸ್ಲಿಮರು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು ಸುಮಾರು 27,000ದಿಂದ 40,000 ಅಂತ ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆ ವರದಿ ಬಹಳ ವರ್ಷ ಬೆಳಕಿಗೆ ಬರಲಿಲ್ಲ. ಅರಸ ಬಿದ್ದ ಮೇಲಿನ ಸೇಡು ಅರಸನ ಮೇಲೆ ಬೀಳುವುದಿಲ್ಲ, ಅರಸನ ಗುರುತು ಹೊತ್ತ ನೆರೆಯವನ ಮೇಲೆ ಬೀಳ್ತದೆ. ‘ತಲೆದಂಡ’ದ ಕೊನೆಯಲ್ಲಿ ಸೋವಿದೇವ ಶರಣರನ್ನು ಊರು ಬಿಡಿಸುವ ಆಜ್ಞೆ ಹೊರಡಿಸಿದಾಗ ನಾವು ಶರಣರ ಜೊತೆ ನಿಲ್ತೇವೆ, ಅದು ಸುಲಭ. 1948ರ ಆ ದಿನಗಳಲ್ಲಿ ಯಾರ ಜೊತೆ ನಿಲ್ಲುತ್ತಿದ್ದೆವು ಅನ್ನುವ ಪ್ರಶ್ನೆಯನ್ನು ಆ ನಾಟಕದ ಓದು ನಮ್ಮಿಂದ ಕೇಳಿಸದೇ ಹೋದರೆ ಓದಿ ಏನು ಬಂತು?

ಪ್ರಬಂಧ ಇಷ್ಟು. ಚರ್ಚೆಯಲ್ಲಿ ಬಂದ ಒಂದು ಪ್ರಶ್ನೆ ಮತ್ತು ನನ್ನ ಉತ್ತರವನ್ನು ಇಲ್ಲಿ ಸೇರಿಸ್ತಾ ಇದ್ದೀನಿ.

ಪ್ರಶ್ನೆ (ಒಬ್ಬ ಸಹಪಾಠಿ): ಸಿದ್ಧರಾಮನನ್ನು ನೀವು ಆಡಳಿತಗಾರನ ಹಾಗೆ ಓದ್ತಾ ಇದ್ದೀರಿ. ಅವನ ಅನುಭಾವ ಎಲ್ಲಿ ಹೋಯ್ತು? ಅಕ್ಕಲಕೋಟೆ, ಸೊಲ್ಲಾಪುರದ ಇವತ್ತಿನ ಕನ್ನಡದವರಿಗೆ ಇದರಿಂದ ಏನು?

ಉತ್ತರ: ಅಕ್ಕಾ, ಮೊದಲನೆಯದಕ್ಕೆ, ಅನುಭಾವವನ್ನು ನಾನು ತಳ್ಳಿಹಾಕಿಲ್ಲ. ಕೆರೆ ಬಿಟ್ಟು ಬಾ ಅಂತ ಅಲ್ಲಮ ಕರೆದದ್ದು ನಿಜ, ಸಿದ್ಧರಾಮ ಕಲ್ಯಾಣಕ್ಕೆ ಹೋದದ್ದೂ ನಿಜ. ಆದರೆ ಸೊನ್ನಲಿಗೆಯವರು ಕೆರೆ ಬಿಡಲಿಲ್ಲ. ಇವತ್ತಿಗೂ ಸಿದ್ಧೇಶ್ವರ ಗುಡಿಯ ಸುತ್ತ ಆ ನೀರೇ ಇದೆ, ಜಾತ್ರೆಯಲ್ಲಿ ನಂದಿಕೋಲು ಹೊರುವವರು ಇದ್ದಾರೆ. ಎರಡನೆಯದಕ್ಕೆ: ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು, ಸೇರಲಿಲ್ಲ. ಆ ಕಡೆಯದೂ ಅಲ್ಲ, ಈ ಕಡೆಯದೂ ಪೂರ್ತಿ ಅಲ್ಲ ಅನ್ನುವ ಜಾಗದಲ್ಲಿ ಕನ್ನಡ ಶಾಲೆ ನಡೆಸಿದ ಮಾಸ್ತರರು, ಮಠದಲ್ಲಿ ವಚನ ಹೇಳಿಕೊಟ್ಟವರು, ಸೋಬಾನೆ ಹಾಡಿದ ಹೆಣ್ಣುಮಕ್ಕಳು ಇದ್ದರು. ಅವರು ಬರೆದಿಟ್ಟ ನೋಟ್‌ಬುಕ್ಕುಗಳು ಮನೆಮನೆಗಳಲ್ಲಿ ಅದಾವ. ನನ್ನ ಮುಂದಿನ ಕೆಲಸ ಅವನ್ನು ಕೂಡಿಸುವುದು. ದಕ್ಷಿಣ ಸೊಲ್ಲಾಪುರದ ಕಡೆ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ತಿಳಿಸಿ. ನಾನೇ ಬಂದು ನೋಡ್ತೀನಿ.