ರಘುರಾಜಪುರದ ಅತಿಥಿಗಳು

ಒಡಿಶಾದ ಪುರಿಗೆ ಹತ್ತಿರ, ಭಾರ್ಗವಿ ನದಿಯ ಬದಿಗಿದೆ ರಘುರಾಜಪುರ; ಬಟ್ಟೆಯ ಮೇಲೆ ಬರೆಯುವ ಪಟ್ಟಚಿತ್ರದ ಕಲಾವಿದರ ಊರು. ಅಂಗಡಿಯಲ್ಲಿ ಪಟ್ಟಚಿತ್ರ ಕೊಂಡವರಿಗೆ ಸಿಗುವುದು ಚಿತ್ರವಷ್ಟೇ. ಇಲ್ಲಿ ಕಲಾವಿದರ ಮನೆಯಲ್ಲೇ ತಂಗಿದವರಿಗೆ ಅದರ ಹುಟ್ಟೂ ಕಾಣುತ್ತದೆ.

ಹತ್ತಿಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೀಮೆಸುಣ್ಣದ ಪುಡಿ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಾರೆ. ಶಂಖದಿಂದ ಬಿಳಿ, ದೀಪದ ಕಾಡಿಗೆಯಿಂದ ಕಪ್ಪು, ಇಂಗಳೀಕದಿಂದ ಕೆಂಪು. ಅಂಟು ಕಾಯಿಸಿ ಬಟ್ಟೆ ಹದಮಾಡುವುದರಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಹೊಗಳಿಕೆ ಮಾತ್ರ ಕುಂಚ ಹಿಡಿದವರಿಗೇ ಹೆಚ್ಚು! ಆ ಮನೆಯಲ್ಲಿ ಉಂಡು ಮಲಗಿ ಎದ್ದವರಿಗೆ ಈ ದುಡಿಮೆ ಕಣ್ಣಿಗೆ ಬೀಳದೆ ಇರದು.



ಗಂಜೀಫಾ ಎಂಬ ಚಿತ್ರ ಬರೆದ ಆಟದ ಎಲೆಗಳನ್ನು ಮೈಸೂರಿನಲ್ಲಿ ಕಂಡು ಬಲ್ಲವರು ಇಲ್ಲಿನ ದುಂಡನೆಯ ಗಂಜೀಫಾ ಎಲೆಗಳನ್ನು ತೋರಿಸುವಂತೆ ಮನೆಯವರನ್ನು ಕೇಳಲೇಬೇಕು.