ಬೆಂಚಿನ ಮೇಲಿನ ಅಜ್ಜಿ

ಬೆಳಗಾವಿ ಜಿಲ್ಲೆಯ ಮೂಡಲಗಿ ಸೀಮೆಯ ಏಳೆಂಟು ಜನರ ಕುಟುಂಬವೊಂದು ಕೈಗೆಟಕುವ ಖರ್ಚಿನಲ್ಲಿ ಥೀಮ್ ಪಾರ್ಕ್ ನೋಡಿ ಬರುವ ಲೆಕ್ಕವನ್ನು ಈ ವಾರ ಕೊಡುವುದಾಗಿ ಹಿಂದಿನ ಕಂತಿನಲ್ಲಿ ಹೇಳಲಾಗಿತ್ತು. ಟೈರಿನ ಗಾಳಿ, ಸ್ಟೆಪ್ನಿ, ವಿಮೆಯ ಕಾಗದ, ಚಾಲಕನ ನಿದ್ದೆ ಇವುಗಳ ವಿಷಯವನ್ನು ಈ ಅಂಕಣದ ಹಳೆಯ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲವಾದ್ದರಿಂದ, ಚರ್ಚೆ ನೇರವಾಗಿ ಮೂಲ ಪ್ರಶ್ನೆಯಿಂದಲೇ ಆರಂಭವಾಗಬಹುದು. ಥೀಮ್ ಪಾರ್ಕ್ ಎಂದರೆ ಬರಿಯ ಜಾರುಬಂಡಿ, ತೊಟ್ಟಿಲುಗಳ ಬಯಲಲ್ಲ. ಒಂದು ವಸ್ತುವನ್ನೋ ಕಾಲವನ್ನೋ ಕಥೆಯನ್ನೋ ಆಧಾರವಾಗಿಟ್ಟುಕೊಂಡು, ಒಳಗೆ ಕಾಲಿಟ್ಟವರು ಅದರ ನಡುವೆಯೇ ಓಡಾಡುವಂತೆ ಕಟ್ಟಿದ ಉದ್ಯಾನ. ಈ ಅರ್ಥವನ್ನು ಮರೆತವರೇ ಖರ್ಚಿನ ಲೆಕ್ಕದಲ್ಲಿಯೂ ಎಡವುತ್ತಾರೆಂಬುದು ಈ ಅಂಕಣದ ಹಳೆಯ ವಾದ.

ಮಕ್ಕಳ ಪ್ರವಾಸವೆಂದರೆ ನೀರಾಟದ ಉದ್ಯಾನವೇ ಆಗಬೇಕು, ಅದೂ ಬೆಂಗಳೂರಿನ ಆಚೆಯದೋ ಮುಂಬಯಿ ದಾರಿಯದೋ ಆಗಬೇಕು ಎಂದು ನಂಬಿರುವ ಒಂದು ಪಂಥ ಜಿಲ್ಲೆಯಲ್ಲಿ ಬಲವಾಗಿ ಬೆಳೆದಿದೆ. 2005ರಲ್ಲಿ ಬಿಡದಿಯಲ್ಲಿ ವಂಡರ್‌ಲಾ ತೆರೆದಂದಿನಿಂದಲೂ, 2013ರಲ್ಲಿ ಖೋಪೋಲಿಯ ಸಮೀಪ ಇಮ್ಯಾಜಿಕಾ ಆರಂಭವಾದ ಮೇಲೂ, ಸಂಜೆ ಕ್ರೂಸರ್ ಹತ್ತಿ ಬೆಳಗಿಗೆ ಉದ್ಯಾನದ ಬಾಗಿಲಲ್ಲಿಳಿದು, ಸಂಜೆ ಮತ್ತೆ ಕ್ರೂಸರ್ ಹತ್ತುವ ಪದ್ಧತಿಯನ್ನು ಈ ಪಂಥ ಮಿತವ್ಯಯವೆಂದೇ ಸಾರುತ್ತ ಬಂದಿದೆ, ಏಕೆಂದರೆ ಇದರಲ್ಲಿ ಲಾಡ್ಜಿನ ಬಾಡಿಗೆ ಉಳಿಯುತ್ತದೆ. ಆ ಉದ್ಯಾನಗಳ ಯಂತ್ರಗಳಾಗಲಿ ಸುರಕ್ಷತೆಯ ಶಿಸ್ತಾಗಲಿ ಇಲ್ಲಿ ಪ್ರಶ್ನೆಯಲ್ಲ. ಪ್ರಶ್ನೆಯಿರುವುದು ಮೂಡಲಗಿಯಿಂದ ಹೊರಡುವ, ಅಜ್ಜ ಅಜ್ಜಿಯಿಂದ ಮೂರು ವರ್ಷದ ಕೂಸಿನವರೆಗೆ ಎಲ್ಲರನ್ನೂ ಕರೆದೊಯ್ಯುವ ಕುಟುಂಬಕ್ಕೆ ಅವು ಹೊಂದುತ್ತವೆಯೇ ಎಂಬುದು ಮಾತ್ರ.

ಮೂಡಲಗಿಯಿಂದ ಬಿಡದಿಗೆ ಸುಮಾರು 550 ಕಿಲೋಮೀಟರ್ ದಾರಿ, ಹೋಗಿಬರಲು 1100. ತುಂಬಿದ ಕ್ರೂಸರ್ ಲೀಟರಿಗೆ 12 ಕಿಲೋಮೀಟರ್ ಓಡುತ್ತದೆಂದು ಹಿಡಿದರೆ ಡೀಸೆಲ್ ಒಂದಕ್ಕೇ 90 ಲೀಟರಿಗೂ ಮಿಕ್ಕು ಬೇಕಾಗುತ್ತದೆ, ಅದರ ಮೇಲೆ ಹೆದ್ದಾರಿಯುದ್ದಕ್ಕೂ ಟೋಲ್ ನಾಕಾಗಳ ಸಾಲು. ಒಳಗೆ ಹೋದರೆ ಮಕ್ಕಳ ಟಿಕೆಟ್ಟನ್ನು ಎತ್ತರ ಅಳೆದು ನಿರ್ಧರಿಸುತ್ತಾರೆ, ಆಟಕ್ಕೂ ಎತ್ತರದ ಮಿತಿ ಇರುತ್ತದೆ, ನೀರಿಗಿಳಿಯಲು ಬೇರೆಯೇ ಬಟ್ಟೆ ಬೇಕು, ಹೊರಗಿನ ಊಟಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಇವೆಲ್ಲಕ್ಕೂ ಕಾರಣಗಳಿವೆ, ಅನೇಕವು ಸರಿಯಾದ ಕಾರಣಗಳೇ. ಆದರೆ ಯಾವ ಆಟಕ್ಕೂ ಏರದ ಅಜ್ಜಿಯೂ ಒಳಗೆ ಬರಲು ಟಿಕೆಟ್ ಕೊಳ್ಳಬೇಕು. ದಿನವಿಡೀ ಚಪ್ಪಲಿ, ಚೀಲ, ಒದ್ದೆ ಬಟ್ಟೆ ಕಾಯುತ್ತ ಬೆಂಚಿನ ಮೇಲೆ ಕುಳಿತಿರಬೇಕು. ಹಾಗಾಗಿ ಆ ಟಿಕೆಟ್ಟಿನ ಹಣವೆಲ್ಲ ಬೆಂಚಿಗೇ ಸಂದಂತಾಗುತ್ತದೆ.

ಈ ಬೆಂಚಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಥೀಮ್ ಪಾರ್ಕಿನ ಇತಿಹಾಸದ ಬೇರು ಇರುವುದೂ ಬೆಂಚಿನಲ್ಲಿಯೇ. ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನದಲ್ಲಿ ಹೆಣ್ಣುಮಕ್ಕಳಿಬ್ಬರೂ ಸುತ್ತು ತಿರುಗುವ ಕುದುರೆಗಳ ಮೇಲೆ ಆಡುತ್ತಿರುವಾಗ, ವಾಲ್ಟ್ ಡಿಸ್ನಿ ಬೆಂಚೊಂದರ ಮೇಲೆ ಶೇಂಗಾ ತಿನ್ನುತ್ತ ಕುಳಿತಿರುತ್ತಿದ್ದನೆಂದೂ, ತಂದೆತಾಯಿ ಮತ್ತು ಮಕ್ಕಳು ಕೂಡಿಯೇ ಸಂತೋಷಪಡುವ ಸ್ಥಳವೊಂದು ಇರಬೇಕೆಂಬ ಆಲೋಚನೆ ಅವನಿಗೆ ಅಲ್ಲಿ ಹೊಳೆಯಿತೆಂದೂ ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡಿಗೆ ಆ ಆಲೋಚನೆಯೇ ಬೀಜ. ಅಂದರೆ ಹಿರಿಯರನ್ನು ಬೆಂಚಿನಿಂದ ಎಬ್ಬಿಸಿ ಮಕ್ಕಳ ಜೊತೆಗೆ ನಡೆಸುವುದು ಥೀಮ್ ಪಾರ್ಕಿನ ಮೂಲ ಉದ್ದೇಶ. ಅವರನ್ನು ಮತ್ತೆ ಬೆಂಚಿಗೆ ಕೂರಿಸುವ ಉದ್ಯಾನ ಎಷ್ಟು ದೊಡ್ಡದಾದರೂ ಆ ಹೆಸರಿಗೆ ಪೂರ್ತಿ ಸಲ್ಲುವುದಿಲ್ಲ. ಡೀಸೆಲಿನ ಲೆಕ್ಕವನ್ನು ಸದ್ಯಕ್ಕೆ ಬದಿಗಿಟ್ಟು ಈ ಅಳತೆಗೋಲನ್ನೇ ಹಿಡಿದು ನಡೆಯುವುದು ಈಗ ಹೆಚ್ಚು ಫಲಕಾರಿಯಾಗಿ ತೋರುತ್ತದೆ.

ಈ ಅಳತೆಗೆ ಮೊದಲು ನಿಲ್ಲುವುದು ಕೊಲ್ಹಾಪುರದ ತೆಂಕಣ ಮಗ್ಗುಲಲ್ಲಿರುವ ಕನೇರಿ ಮಠದ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯ. ಮೂಡಲಗಿಯಿಂದ ಚಿಕ್ಕೋಡಿ, ನಿಪ್ಪಾಣಿ, ಕಾಗಲ್ ಮಾರ್ಗವಾಗಿ ಹೋದರೆ ಸುಮಾರು 100 ಕಿಲೋಮೀಟರ್. ಗೋಕಾಕ, ಹುಕ್ಕೇರಿಯವರು ಸಂಕೇಶ್ವರದಲ್ಲಿ ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿಯಬಹುದು. ಕಾಡಸಿದ್ಧೇಶ್ವರ ಪರಂಪರೆಯ ಈ ಮಠದ ಹೆಸರೇ ಅದರ ಕನ್ನಡದ ನಂಟನ್ನು ಹೇಳುತ್ತದೆ. ಪೀಠಾಧಿಪತಿ ಅದೃಶ್ಯ ಕಾಡಸಿದ್ಧೇಶ್ವರ ಸ್ವಾಮೀಜಿಯವರ ಕಲ್ಪನೆಯಲ್ಲಿ ರೂಪುಗೊಂಡ ಈ ತಾಣದಲ್ಲಿ ಹಳೆಯ ಸ್ವಾವಲಂಬಿ ಹಳ್ಳಿಯೊಂದರ ಬಾಳನ್ನು 80ರಷ್ಟು ದೃಶ್ಯಗಳಲ್ಲಿ, 300ರಷ್ಟು ಆಳೆತ್ತರದ ಪ್ರತಿಮೆಗಳಲ್ಲಿ ಬಯಲಿನಲ್ಲಿಯೇ ಕಟ್ಟಿ ನಿಲ್ಲಿಸಲಾಗಿದೆ. ಕುಂಬಾರ ತಿಗರಿಯ ಮುಂದೆ ಕುಳಿತಿದ್ದಾನೆ, ಕಮ್ಮಾರನ ಕುಲುಮೆಯಿದೆ, ಹೊಲದಲ್ಲಿ ಎತ್ತುಗಳಿವೆ. ಹತ್ತು ವರ್ಷದ ಹುಡುಗನಿಗೆ ಇವು ಬೊಂಬೆಗಳು, ಎಪ್ಪತ್ತರ ಅಜ್ಜಿಗೆ ಇವು ನೆನಪು. ಕೂರಿಗೆಯ ತಾಳುಗಳಿಂದ ಬೀಜ ಹೇಗೆ ಸಾಲಾಗಿ ಇಳಿಯುತ್ತಿತ್ತು, ಕಣದ ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವ ಹಂತಿ ಎಂದರೇನು, ರಾತ್ರಿಯೆಲ್ಲ ಹಂತಿಯ ಹಾಡು ಏಕೆ ಬೇಕಾಗುತ್ತಿತ್ತು ಎಂಬುದನ್ನು ಹೇಳಬಲ್ಲವರು ಕುಟುಂಬದಲ್ಲಿ ಅವರೊಬ್ಬರೇ ಆಗಿರುವುದರಿಂದ, ಚೀಲ ಕಾಯುವ ಕೆಲಸ ತಾನಾಗಿಯೇ ಮೊಮ್ಮಕ್ಕಳಿಗೆ ಬೀಳುತ್ತದೆ.

ಅಲ್ಲಿನ ದೃಶ್ಯಗಳ ಬೆನ್ನೆಲುಬು ಮರಾಠಿಯಲ್ಲಿ ಬಾರಾ ಬಲುತೇದಾರ, ಅಠರಾ ಅಲುತೇದಾರ ಎಂದು ಕರೆಯುವ ವ್ಯವಸ್ಥೆ, ಅಂದರೆ ಊರಿನ ಹನ್ನೆರಡು ಮತ್ತು ಹದಿನೆಂಟು ಬಗೆಯ ಕಸುಬುದಾರರ ಏರ್ಪಾಡು. ಕನ್ನಡದಲ್ಲಿ ಇವರಿಗೆ ಆಯಗಾರರೆಂದು ಹೆಸರು. ಬಡಿಗ, ಕಮ್ಮಾರ, ಕುಂಬಾರ, ನಾವಿಂದ, ಅಗಸ ಮುಂತಾದವರು ವರ್ಷವಿಡೀ ಒಕ್ಕಲಿಗನ ಕೆಲಸ ಮಾಡಿಕೊಟ್ಟು, ರಾಶಿಯ ಹೊತ್ತಿಗೆ ಕಣದಲ್ಲಿ ಪಡೆಯುತ್ತಿದ್ದ ಕಾಳಿನ ಪಾಲೇ ಆಯ, ಮರಾಠಿಯಲ್ಲಿ ಬಲುತ. ಪ್ರತಿಮೆಗಳು ಈ ಏರ್ಪಾಡಿನ ಹೊಂದಾಣಿಕೆಯನ್ನು ಅಂದವಾಗಿ ತೋರಿಸುತ್ತವೆ. ಆದರೆ ಆ ಪಾಲು ಹಕ್ಕಾಗಿದ್ದಂತೆ ಕಟ್ಟೂ ಆಗಿತ್ತು, ಹುಟ್ಟಿದ ಜಾತಿಯೇ ಕಸುಬನ್ನೂ ಕಣದಲ್ಲಿ ನಿಲ್ಲುವ ಜಾಗವನ್ನೂ ನಿಶ್ಚಯಿಸುತ್ತಿತ್ತು ಎಂಬುದನ್ನು ಸಿಮೆಂಟಿನ ಮುಖಗಳು ಹೇಳಲಾರವು. ದಲಿತ ಲೇಖಕ ದಯಾ ಪವಾರರು 1978ರಲ್ಲಿ ಪ್ರಕಟವಾದ ತಮ್ಮ ಮರಾಠಿ ಆತ್ಮಕಥೆಗೆ 'ಬಲುತ' ಎಂದೇ ಹೆಸರಿಟ್ಟದ್ದು ಈ ಪದದ ಹಿಂದಿರುವ ನೋವನ್ನು ನೆನಪಿಸುವುದಕ್ಕಾಗಿಯೇ. ಕಣದ ಅಂಚಿನಲ್ಲಿ ದೂರ ನಿಂತು ಕಾಳು ಪಡೆದ ಮನೆತನದ ಅಜ್ಜಿ ಹೇಳುವ ಮಾತು ಕಣದ ಒಡೆಯನ ಮನೆಯ ಅಜ್ಜಿ ಹೇಳುವುದಕ್ಕಿಂತ ಬೇರೆಯಾಗಿರುತ್ತದೆ. ಮಕ್ಕಳು ಇಬ್ಬರ ಮಾತನ್ನೂ ಕೇಳಬೇಕು. ನೆರೆಮನೆಯವರನ್ನು ಕೂಡಿಸಿಕೊಂಡು ಹೊರಡುವುದಕ್ಕೆ ಬಾಡಿಗೆ ಹಂಚಿಹೋಗುತ್ತದೆಂಬುದಕ್ಕಿಂತ ಇದು ದೊಡ್ಡ ಕಾರಣ.

ಇಂಥದೇ ಇನ್ನೊಂದು ತಾಣ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಈ ಉದ್ಯಾನದ ಬಾಗಿಲಲ್ಲಿ ಚಲನಚಿತ್ರ ನಟ ರಾಜಕುಮಾರರ ಪಾತ್ರಗಳು ಎದುರಾಗುತ್ತವೆ, ಒಳಗೆ ಉತ್ತರ ಕರ್ನಾಟಕದ ಹಳ್ಳಿಯೇ ಪ್ರತಿಮೆಗಳಾಗಿ ನಿಂತಿದೆ. ಇಳಕಲ್ ಸೀರೆಯ ಕಚ್ಚೆಯನ್ನೂ ರುಮಾಲಿನ ಸುತ್ತನ್ನೂ ಬಲ್ಲವರಿಗೆ ಇಲ್ಲಿ ಸಿಗುವ ತೃಪ್ತಿ ಕನೇರಿಗಿಂತ ಒಂದು ತೂಕ ಹೆಚ್ಚು. ದೂರ ಮಾತ್ರ 150 ಕಿಲೋಮೀಟರಿಗೂ ಮಿಕ್ಕದ್ದು. ಆಲಮಟ್ಟಿಯ ಶಿಲೋದ್ಯಾನವೂ ಸಂಗೀತ ಕಾರಂಜಿಯೂ ಚೆಲುವಾದವೇ; ಆದರೆ ಕಾರಂಜಿ ಕತ್ತಲಾದ ಮೇಲಿನ ನೋಟವಾದ್ದರಿಂದ, ಅದಕ್ಕಾಗಿ ನಿಂತವರು ರಾತ್ರಿ ವಾಹನ ಓಡಿಸಬೇಕು ಇಲ್ಲವೇ ತಂಗುವ ಖರ್ಚು ಹೊರಬೇಕು.

ಕೊಡುವುದಾಗಿ ಹೇಳಿದ್ದ ಲೆಕ್ಕದ ಮುಖ್ಯಾಂಶಗಳು ಇಷ್ಟು. ಕನೇರಿಗೆ ಹೋಗಿಬರುವ 200 ಕಿಲೋಮೀಟರಿಗೆ ಅದೇ ಕ್ರೂಸರಿಗೆ 17 ಲೀಟರ್ ಸಾಕು. ನಿಪ್ಪಾಣಿ ದಾಟಿದ ಮೇಲೆ ಕೊಗನೊಳ್ಳಿ ನಾಕಾದಲ್ಲಿ, 24 ಗಂಟೆಯೊಳಗೆ ಮರಳುವವರಿಗೆ ಎರಡು ಸುತ್ತಿಗೆ ಒಂದೂವರೆ ಪಟ್ಟು ಶುಲ್ಕವಷ್ಟೆ. ಫಾಸ್ಟ್ಯಾಗಿನಲ್ಲಿ ಹಣವಿಲ್ಲದೆ ನಗದು ಕೊಟ್ಟರೆ ಒಂದೇ ಸುತ್ತಿಗೆ ದುಪ್ಪಟ್ಟು. ಬಾಡಿಗೆಯ ವಾಹನವನ್ನು ಗೊತ್ತುಮಾಡುವವರು, ಹಳದಿ ಫಲಕದ ಆ ವಾಹನಕ್ಕೆ ಮಹಾರಾಷ್ಟ್ರ ಪ್ರವೇಶಿಸುವ ಪರವಾನಗಿ ಇದೆಯೇ, ಇಲ್ಲದಿದ್ದರೆ ಅದರ ಖರ್ಚು ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಒಯ್ಯುವುದು ಅಗ್ಗವೆನಿಸಿದರೂ, ಅಪಘಾತವಾದರೆ ವಿಮೆಯ ಹಣ ಸಿಗುವುದೇ ಕಷ್ಟ. ಹೆಣ್ಣುಮಕ್ಕಳು ಹೆಚ್ಚಿರುವ ಕುಟುಂಬಕ್ಕೆ ಬಸ್ಸೇ ಮೇಲು: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಗೊಟಗೋಡಿಯವರೆಗಿನ ದಾರಿಯುದ್ದಕ್ಕೂ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಹಣವಿಲ್ಲ. ಕನೇರಿಯ ದಾರಿಯಲ್ಲಿ ಆ ಸೌಲಭ್ಯ ನಿಪ್ಪಾಣಿಗೇ ಮುಗಿಯುತ್ತದೆ. ಗಡಿಯ ಆಚೆ ಮಹಾರಾಷ್ಟ್ರದ ಸಾರಿಗೆ ಬಸ್ಸುಗಳಲ್ಲಿ 2023ರ ಮಾರ್ಚಿನಿಂದ ಮಹಿಳೆಯರಿಗೆ ಅರ್ಧ ದರವಿದೆ.

ಆದರೂ ಪ್ರವಾಸದ ಹಣದ ಚೀಲಕ್ಕೆ ತೂತು ಬೀಳುವುದು ಇಂಥ ದೊಡ್ಡ ಬಾಬುಗಳಲ್ಲಲ್ಲ. ಅದು ಎಲ್ಲಿ ಬೀಳುತ್ತದೆಂಬುದನ್ನು ಅರಿಯಲು ಈ ಸೀಮೆಯವರು ಹೊರಗಿನ ಯಾವ ಗ್ರಂಥವನ್ನೂ ತೆರೆಯಬೇಕಾಗಿಲ್ಲ, 'ಶ್ರೀಕೃಷ್ಣ ಪಾರಿಜಾತ' ಸಾಕು. ಅಪರಾಳ ತಮ್ಮಣ್ಣನ ಹೆಸರಿನಲ್ಲಿ ಪ್ರಸಿದ್ಧವಾದ, ಇದೇ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಬೆಳೆಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಮೆರೆಸಿದ ಈ ಸಣ್ಣಾಟದ ಕಥೆ ಎಲ್ಲರಿಗೂ ಗೊತ್ತಿರುವುದೇ. ನಾರದ ದೇವಲೋಕದ ಒಂದು ಹೂವನ್ನು ದ್ವಾರಕೆಗೆ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಆಟವಿಡೀ ನಡೆಯುವುದು ಆ ಒಂದು ಹೂವಿನ ಸಂಕಟ: ಭಾಮೆಯ ಸೆಡವು, ದೂತಿಯ ಓಡಾಟ, ಕೃಷ್ಣನ ಅಂಗಲಾಚಿಕೆ. ಹೂವಿನ ಬೆಲೆಗಾಗಿ ಭಾಮೆ ಸಿಡುಕುವುದಿಲ್ಲ, ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದೇ ಅವಳ ಉರಿ. ಕೊನೆಗೆ ಒಂದು ಹೂವಿನಲ್ಲಿ ಮುಗಿಯಬಹುದಾಗಿದ್ದದ್ದಕ್ಕೆ ಕೃಷ್ಣ ಪಾರಿಜಾತದ ಮರವನ್ನೇ ತರಬೇಕಾಯಿತೆಂಬುದು ಪುರಾಣದ ಮಾತು. ಎತ್ತರದ ಪಟ್ಟಿ ದಾಟಿದ ಅಣ್ಣ ಆಟಕ್ಕೇರಿ, ನಾಲ್ಕು ಬೆರಳು ಕಡಿಮೆಯಾದ ತಂಗಿ ಕೆಳಗುಳಿದಾಗ ಅವಳ ಅಳು ನಿಲ್ಲಿಸಲು ಕೊಳ್ಳುವ ಬೊಂಬೆ, ಐಸ್‌ಕ್ರೀಮು, ಕನ್ನಡಕ, ಮತ್ತೆ ಅವನ್ನು ಕಂಡು ಅಣ್ಣ ಕೇಳುವ ಇನ್ನೊಂದು, ಇವೆಲ್ಲ ಆ ಮರದ ಕೊಂಬೆಗಳೇ. ಎಲ್ಲರೂ ಒಂದೇ ದಾರಿಯಲ್ಲಿ ನಡೆದು ಒಂದೇ ನೋಟ ನೋಡುವ ಕನೇರಿ, ಗೊಟಗೋಡಿಗಳಲ್ಲಿ ಈ ಮರ ಚಿಗುರುವುದಕ್ಕೆ ಮಣ್ಣೇ ಕಡಿಮೆ.

ಊಟದ ವಿಷಯಕ್ಕೆ ಬಂದರೆ, ಬುತ್ತಿ ಕಟ್ಟುವ ವಿದ್ಯೆ ಈ ನಾಡಿಗೆ ಯಾರೂ ಕಲಿಸಬೇಕಾದುದಲ್ಲ. ಸವದತ್ತಿ ಎಲ್ಲಮ್ಮನ, ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಚಕ್ಕಡಿ ಹೂಡಿಕೊಂಡು, ಎತ್ತಿನ ಮೇವು, ಹಿಟ್ಟಿನ ಗಂಟು, ಹಾಸುಗೆ ಸಮೇತ ದಿನಗಟ್ಟಲೆ ಹೋಗಿಬರುತ್ತಿದ್ದ ಕುಟುಂಬಗಳು ಕಡಿಮೆ ಖರ್ಚಿನ ರಸ್ತೆ ಪ್ರವಾಸದ ಶಾಸ್ತ್ರವನ್ನೇ ಕಟ್ಟಿದ್ದವು. ಎಳ್ಳು ಹಚ್ಚಿ ಖಡಕ್ಕಾಗಿ ಬಡಿದ ಸಜ್ಜಿ ರೊಟ್ಟಿ ಕೆಡುವುದಿಲ್ಲ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿಗಳಿಗೆ ನೀರಿನ ಪಸೆಯೇ ಇಲ್ಲ, ಮಾದಲಿ ಎರಡು ದಿನವಾದರೂ ರುಚಿ ಬಿಡುವುದಿಲ್ಲ. ಮೊಸರನ್ನವನ್ನು ಮಾತ್ರ ಮೊದಲ ಊಟಕ್ಕೇ ಮುಗಿಸಬೇಕು. ಸುಲಭವೆಂದು ಬ್ರೆಡ್ಡು, ಜಾಮಿನ ಸೀಸೆ ಒಯ್ಯುವ ಹೊಸ ಪದ್ಧತಿಯಲ್ಲಿ ಹೊಟ್ಟೆಯೂ ತುಂಬುವುದಿಲ್ಲ, ಹಣವೂ ಉಳಿಯುವುದಿಲ್ಲ.

ಉಳಿದದ್ದು ಕಾಲದ ಪ್ರಶ್ನೆ. ಕಬ್ಬಿನ ಬಿಲ್ಲು ಬಂದು ಕೈಯಲ್ಲಿ ಹಣವಿರುವ ಚಳಿಗಾಲದಲ್ಲಿಯೇ ಹೊರಡುವುದು ಹಲವರ ರೂಢಿ. ಆದರೆ ಕಾರ್ಖಾನೆಗಳು ಕಬ್ಬು ನುರಿಸುವ ಆ ತಿಂಗಳುಗಳಲ್ಲಿ ಚಿಕ್ಕೋಡಿ, ಸಂಕೇಶ್ವರದ ರಸ್ತೆಗಳೆಲ್ಲ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಂದ ತುಂಬಿರುತ್ತವೆ, ಹಿಂಬದಿಗೆ ಪ್ರತಿಫಲಕವಿಲ್ಲದ ಟ್ರೇಲರ್ ಕತ್ತಲಲ್ಲಿ ಕಾಣುವುದೇ ಇಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬಯಲ ಪ್ರತಿಮೆಗಳ ನಡುವೆ ಹಿರಿಯರು ನಡೆಯಲಾರರು. ನುರಿಸುವಿಕೆ ಬಿರುಸಾಗುವ ಮೊದಲು ಬರುವ ದಸರಾ ರಜೆಯೇ ಸರಿಯಾದ ಹೊತ್ತು. ಮಳೆಗಾಲ ಚೆನ್ನಾಗಿ ಆದ ವರ್ಷ ಮರಳುವಾಗ ಗೋಕಾಕ ಜಲಪಾತದ 171 ಅಡಿಯ ಧುಮುಕನ್ನೂ ಟಿಕೆಟ್ಟಿಲ್ಲದೆ ನೋಡಬಹುದು. ಹಣವನ್ನು ಹಿಂದಿನ ಬಿಲ್ಲಿನಲ್ಲಿಯೇ ತೆಗೆದಿಟ್ಟು, ನಸುಕಿನ ಐದಕ್ಕೆ ಹೊರಟು, ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ವಾಹನದ ಮುಂದಿನ ಆಸನವನ್ನು ಅಜ್ಜಿಗೆ ಬಿಟ್ಟುಕೊಡಬೇಕೆಂದು ಓದುಗರಲ್ಲಿ ವಿನಂತಿ. ಮೊಣಕಾಲು ಚಾಚಿಕೊಳ್ಳಲು ಅಲ್ಲಿಯೇ ಜಾಗ ಹೆಚ್ಚು.